ಗಾಳಿಗೆ ಕೊಡದ ಮೊರ

ನನ್ನ ಮಗಳಿಗೆ ‘ಊರು ಸುಟ್ಟ ಕೂಸು’ ಎಂದು ಹೆಸರಿಡಲು ಹೊರಟಿದ್ದರು. ಹುಟ್ಟಿ ಇನ್ನೂ ಬೆಳಕಿಗೆ ಸರಿಯಾಗಿ ಕಣ್ಣು ಬಿಡಲು ಬಾರದ ಕೂಸು ಅದು. ಹಾಗೆಂದವರಲ್ಲಿ ಅರ್ಧ ಜನ ಈಗ ಮಣ್ಣಾಗಿದ್ದಾರೆ. ಸತ್ತವರನ್ನು ಬೈಯಬಾರದು ಎನ್ನುತ್ತಾರೆ. ನಾನು ಬೈಯುತ್ತೇನೆ. ಅವರು ಸತ್ತ ಮಾತ್ರಕ್ಕೆ ಅವರಾಡಿದ ಮಾತು ಸಾಯಲಿಲ್ಲವಲ್ಲ.

ಮುಂಬಯಿ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದ ಮರುವರ್ಷದ ಬೇಸಿಗೆ. ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ನಮ್ಮೂರು ಬನವಾಸಿಯಿಂದ ಮೂಡಕ್ಕೆ, ಶಿರಸಿ ತಾಲೂಕಿನ ಅಂಚಿನಲ್ಲಿದೆ. ಶಿರಸಿ ಎಂದೊಡನೆ ಜನರಿಗೆ ತಣ್ಣಗಿನ ನೆರಳು ನೆನಪಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಬಂದು ನೋಡಲಿ. ಊರಿನ ಪಡುವಣಕ್ಕೆ ಸರ್ಕಾರಿ ಕಾಡು ಶುರುವಾಗುತ್ತದೆ, ನಿಜ. ಮೂಡಣಕ್ಕೆ ಮಾತ್ರ ಹಾನಗಲ್ಲಿನ ತನಕ ಬಟಾಬಯಲು. ಭತ್ತ ಕೊಯ್ದ ಗದ್ದೆಗಳು ಬಿರಿದು ಬಾಯಿ ಬಿಟ್ಟಿರುತ್ತವೆ. ಬೇಲಿ, ಹುಲ್ಲು, ಬಣವೆ, ಮನೆಯ ಮೇಲಿನ ಹೊದಿಕೆ, ಎಲ್ಲವೂ ಒಂದು ಕಿಡಿಗೆ ಕಾದಿರುವಂತೆ ಒಣಗಿರುತ್ತವೆ.

ಶಿವರಾತ್ರಿ ಕಳೆದ ಮೇಲೆ ಆ ಬಯಲಿನಿಂದ ಮೂಡುಗಾಳಿ ಎದ್ದಿತು. ಪ್ರತಿ ವರ್ಷವೂ ಏಳುತ್ತದೆ, ಒಂದು ಹೊತ್ತು ಕುಣಿದು ಮಲಗುತ್ತದೆ. ಆ ಸಲ ಮಲಗಲಿಲ್ಲ. ಬೆಳಿಗ್ಗೆ ಎದ್ದರೆ ಗಾಳಿ, ಮಲಗಿದರೆ ಗಾಳಿ. ಮಾವಿನ ಹೂವೆಲ್ಲ ಉದುರಿ ಹಿತ್ತಿಲ ಮೂಲೆಗೆ ಗುಡ್ಡೆ ಬಿತ್ತು. ನಡುಹಗಲಲ್ಲೇ ಕೆಂಧೂಳಿ ಎದ್ದು ಎದುರುಮನೆ ಕಾಣದಾಗುತ್ತಿತ್ತು. ನೀರು ಕುಡಿದರೆ ತಳದಲ್ಲಿ ಮಣ್ಣು, ರೊಟ್ಟಿ ಮುರಿದರೆ ಹಲ್ಲಿನ ಸಂದಿಗೆ ಮಣ್ಣು. ಕೂಸಿಗೆ ಹಾಲು ಕೊಡುವ ಮುಂಚೆ ನನ್ನವ್ವ ಪಾರ್ವತವ್ವ ಒದ್ದೆ ಬಟ್ಟೆಯಿಂದ ನನ್ನ ಎದೆ ಒರೆಸುತ್ತಿದ್ದಳು. ಒರೆಸಿದ ಬಟ್ಟೆ ಪ್ರತಿ ಸಲವೂ ಕೆಂಪಾಗುತ್ತಿತ್ತು.

ಗಾಳಿ ಎದ್ದರೆ ನಮ್ಮೂರಲ್ಲಿ ಒಂದು ಕಟ್ಟಳೆ ಇತ್ತು. ಗಾಳಿ ಬೀಳುವ ತನಕ ಯಾರೂ ಒಲೆ ಹಚ್ಚಬಾರದು. ಹಲಗೆ ಬಾರಿಸುವ ದ್ಯಾಮಪ್ಪ ಓಣಿ ಓಣಿಗೆ ಡಂಗುರ ಸಾರುತ್ತಿದ್ದ. ಹೆಂಗಸರು ಇದ್ದಬದ್ದ ಕೆಂಡಕ್ಕೆಲ್ಲ ನೀರು ಹೊಯ್ಯುತ್ತಿದ್ದರು. ಆಮೇಲೆ ಒಣ ರೊಟ್ಟಿ, ಮಜ್ಜಿಗೆ, ಹಸಿ ಉಳ್ಳಾಗಡ್ಡಿ. ಒಳ್ಳೆಯ ಕಟ್ಟಳೆಯೇ, ಇಲ್ಲವೆನ್ನುವುದಿಲ್ಲ. ಒಂದೇ ಮನೆಗೆ ಅದರಿಂದ ಬಿಡುವು. ಬಾಣಂತಿ ಇದ್ದ ಮನೆಯ ಅಗ್ಗಿಷ್ಟಿಕೆ ಆರಿಸುವಂತಿಲ್ಲ. ಹಸಿ ಮೈಗೆ ಕಾವು ಬೇಕು, ಕೂಸಿಗೆ ಬಿಸಿನೀರು ಬೇಕು. ಊರ ಗೌಡರಾದ ಪರಮೇಶ್ವರಪ್ಪ ತಾವೇ ನಮ್ಮ ಅಂಗಳಕ್ಕೆ ಬಂದು, ಅನ್ನಪೂರ್ಣವ್ವನ ಕೋಣೆಯ ಬೆಂಕಿ ಇರಲಿ, ಜೋಕೆಯಾಗಿರಿ ಎಂದು ಹೇಳಿ ಹೋಗಿದ್ದರು. ಅನ್ನಪೂರ್ಣವ್ವ ಎಂದರೆ ನಾನೇ. ಅವ್ವ ಜೋಕೆಯಾಗಿಯೇ ಇದ್ದಳು. ಕೆಂಡದ ಮಡಕೆಯ ಸುತ್ತ ಮಣ್ಣು ಮೆತ್ತಿ, ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟು, ಪಕ್ಕದಲ್ಲಿ ಎರಡು ಕೊಡ ನೀರು ಇಟ್ಟುಕೊಂಡಿದ್ದಳು.

ಮೂರನೆಯ ದಿನ ಊರ ಹಿರಿಯರ ತಾಳ್ಮೆ ತೀರಿತು. ಗಾಳಿ ಕಳಿಸಬೇಕು ಎಂದರು.

ಗಾಳಿ ಕಳಿಸುವುದೆಂದರೆ ಹೀಗೆ. ಸುಗ್ಗಿಯಲ್ಲಿ ಕಣದ ಮೇಲೆ ಗಾಳಿ ಬೀಸದಿದ್ದರೆ ಮೊರ ಅಲ್ಲಾಡಿಸಿ ಕರೆಯುತ್ತೇವೆ. ಮೊರ ಕಂಡರೆ ಗಾಳಿಗೆ ತನ್ನ ಕೆಲಸ ನೆನಪಾಗುತ್ತದಂತೆ. ಹಾಗಾಗಿ ಬೇಡದ ಗಾಳಿ ಬಂದರೆ ಮನೆಮನೆಯಿಂದ ಮೊರ, ಕಸಬರಿಗೆ ಒಟ್ಟುಮಾಡಿ ಊರ ಗಡಿಯಲ್ಲಿ ಸುಡಬೇಕು. ಇಗೋ, ನಿನಗಿನ್ನು ಕೆಲಸವಿಲ್ಲ, ಹೋಗು ಎಂದ ಹಾಗೆ. ಒಲೆ ಹಚ್ಚಬಾರದೆಂದು ಡಂಗುರ ಹೊಡೆಸಿದ ಬಾಯಿಂದಲೇ ಬಟಾಬಯಲಿನಲ್ಲಿ ಬೆಂಕಿ ಹಾಕುವ ಮಾತು ಬಂತು. ಇದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಹೆಂಗಸರ ಒಲೆಯ ಬೆಂಕಿ ಬೆಂಕಿ, ಗಂಡಸರು ಶಾಸ್ತ್ರಕ್ಕೆ ಹಚ್ಚಿದ್ದು ಬರೀ ಶಾಸ್ತ್ರ.

ಮೊರ ಕೇಳಿಕೊಂಡು ಗೌಡರು ನಮ್ಮ ಬಾಗಿಲಿಗೂ ಬಂದರು. ಹಿಂದೆ ದ್ಯಾಮಪ್ಪ, ಅವನ ಹೆಗಲ ಮೇಲೆ ಹೊರೆಗಟ್ಟಲೆ ಮೊರ. ನಾನು ಕೋಣೆಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

“ಮೊರದಾಗ ಕೂಸು ಮಲಗೇತ್ರಿ ಗೌಡ್ರ,” ಎಂದಳು ಅವ್ವ. “ತೊಟ್ಟಿಲಕ್ಕ ಹಾಕೋ ತನಕ ಅದು ಕೂಸಿಂದು.”

ಅದು ನಮ್ಮ ಪದ್ಧತಿ. ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದೇ ಮೊರದಲ್ಲಿ. ತೊಟ್ಟಿಲ ದಿನದವರೆಗೆ ಆ ಮೊರದಲ್ಲಿ ಕಾಳು ಕೇರುವುದಿಲ್ಲ, ಯಾರಿಗೂ ಕೊಡುವುದಿಲ್ಲ. ಗೌಡರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಅವರೂ ಅಂಥ ಮೊರದಲ್ಲೇ ಮಲಗಿ ದೊಡ್ಡವರಾದವರು. ಆದರೂ ಕೂಸನ್ನು ಬಟ್ಟೆಯ ಮೇಲೆ ಮಲಗಿಸು, ಎಲ್ಲ ಮನೆಯಿಂದಲೂ ಬಂದರೇನೇ ಗಾಳಿ ಹೋಗುವುದು, ಒಂದು ಉಳಿದರೂ ಕೆಲಸ ಕೆಡುತ್ತದೆ ಎಂದು ಹಟ ಹಿಡಿದರು. ಅವ್ವ ಕಸಬರಿಗೆ ಕೊಟ್ಟಳು. ಮೊರ ಕೊಡಲಿಲ್ಲ. ನನ್ನಪ್ಪ ಶಿವಪುತ್ರಪ್ಪ ಜಗಲಿಯ ಮೇಲೆ ಕೂತಿದ್ದ. ಅವನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಗೌಡರೆದುರು ಅಪ್ಪ ಬಾಯಿ ಬಿಟ್ಟದ್ದನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ.

ಮಧ್ಯಾಹ್ನ ಮೂಡಣ ಗಡಿಯ ಕಡೆಯಿಂದ ಹಲಗೆಯ ಸದ್ದು ಗಾಳಿಯಲ್ಲಿ ತೇಲಿ ಬಂತು. ಅಲ್ಲಿ ಏನಾಯಿತೆಂದು ದ್ಯಾಮಪ್ಪನೇ ಆಮೇಲೆ ಅವ್ವನಿಗೆ ಹೇಳಿದ. ಗುಂಡಿ ತೋಡಿದ್ದರಂತೆ. ಗುಂಡಿಯಲ್ಲಿ ಮೊರ ಒಟ್ಟಿದ್ದರಂತೆ. ಸುತ್ತ ನೀರು ಕೂಡ ಚಿಮುಕಿಸಿದ್ದರಂತೆ. ಮೊರ ಎಂದರೇನು? ಒಣಗಿದ ಬಿದಿರ ಸಿಬಿರು, ಅದಕ್ಕೊಂದು ತೂಕವೇ? ಬೆಂಕಿ ಹೊತ್ತಿದ್ದೇ ತಡ, ಒಂದು ಸುಂಟರಗಾಳಿ ಬಂದು ಉರಿಯುವ ಮೊರಗಳನ್ನು ಗುಂಡಿಯಿಂದ ಎತ್ತಿಕೊಂಡಿತು. ಗಾಳಿಯನ್ನು ಕಳಿಸಲು ಹೋದವರು ಅದರ ಕೈಗೇ ಕೊಳ್ಳಿ ಕೊಟ್ಟಿದ್ದರು. ಒಂದು ಮೊರ ಕೂಳೆಯ ಮೇಲೆ ಬಿತ್ತು. ಇನ್ನೊಂದು ಗೌಡರ ಬಣವೆಯ ನೆತ್ತಿಯ ಮೇಲೇ ಹೋಗಿ ಕೂತಿತು. ಇಡೀ ಊರಿನ ಗಂಡಸರು ಅದನ್ನು ಕಣ್ಣಾರೆ ನೋಡಿದರು. ಇದನ್ನು ನೆನಪಿಟ್ಟುಕೊಳ್ಳಿ. ಕಣ್ಣಾರೆ ನೋಡಿದರು.

ನನಗೆ ಮೊದಲು ಕೇಳಿಸಿದ್ದು ದನಗಳ ಕೂಗು. ಆಮೇಲೆ ವಾಸನೆ. ಕಿಟಕಿಯಾಚೆ ಕೆಂಪಾಗಿದ್ದ ಧೂಳು ಕಪ್ಪಾಯಿತು. ಅವ್ವ ಓಡಿ ಬಂದು ಕೌದಿ ನೆನೆಸಿ ಕಿಟಕಿಗೆ ಕಟ್ಟಿದಳು, ಇನ್ನೊಂದನ್ನು ನನ್ನ ಮೈಮೇಲೆ ಹೊದಿಸಿದಳು. ಅಗ್ಗಿಷ್ಟಿಕೆಯ ಕೆಂಡವನ್ನೆಲ್ಲ ಬೂದಿಯೊಳಗೆ ಹೂತು ಮೇಲೆ ಹಂಚು ಮುಚ್ಚಿದಳು. ಆ ಗದ್ದಲದಲ್ಲೂ ಅದನ್ನು ಮಾಡಿದಳು. ನಾನು ಮೊರವನ್ನು ಎದೆಗೆ ಅವುಚಿಕೊಂಡು ಗೋಡೆಯ ಬುಡದಲ್ಲಿ ಕೂತೆ. ಕೂಸು ಕೆಮ್ಮುತ್ತಿತ್ತು. ಇಷ್ಟು ಚಿಕ್ಕ ಕೂಸು ಕೆಮ್ಮುತ್ತದೆಂದು ನನಗೆ ಗೊತ್ತಿರಲಿಲ್ಲ. ಒಂದೊಂದು ಕೆಮ್ಮಿಗೂ ಅದರ ಮೈಯೆಲ್ಲ ಮುದುಡುತ್ತಿತ್ತು.

ಬೆಂಕಿ ಮೂಡಣದಿಂದ ಪಡುವಣಕ್ಕೆ ಊರನ್ನು ಹಾದು ಹೋಯಿತು. ಕಣಗಳ ಸಾಲು ಹೋಯಿತು, ಬಣವೆಗಳು ಹೋದವು. ಕೆಳಗಿನ ಓಣಿಯ ಹುಲ್ಲಿನ ಮನೆಗಳಲ್ಲಿ ಒಂದೂ ಉಳಿಯಲಿಲ್ಲ. ದ್ಯಾಮಪ್ಪನ ಗುಡಿಸಲು, ಊರಿನ ಒಂದೇ ಒಂದು ಅಂಗಡಿ, ಎಲ್ಲ ಬೂದಿ. ಗೌಡರ ಜೋಡೆತ್ತು ಕಟ್ಟಿದ ಹಗ್ಗದಲ್ಲೇ ಬೆಂದವು. ಆ ಎತ್ತುಗಳನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ನಮ್ಮ ಮನೆ ಪಡುವಣದ ತುದಿಯಲ್ಲಿತ್ತು, ಮೇಲೆ ನಾಡಹೆಂಚು, ಮುಂದೆ ಅಗಲವಾದ ಗಾಡಿದಾರಿ. ಹಾಗಾಗಿ ಕೊಟ್ಟಿಗೆ ಮಾತ್ರ ಹೋಯಿತು. ಬೆಂಕಿ ನಮ್ಮನ್ನು ಬಳಸಿಕೊಂಡು ಸರ್ಕಾರಿ ಕಾಡಿಗೆ ನುಗ್ಗಿತು. ಗಾಳಿ ಬಿದ್ದದ್ದು ಹೊತ್ತು ಮುಳುಗುವಾಗ. ಅದರ ಹಿಂದೆಯೇ ಗುಡುಗು, ಒಂದು ರಭಸದ ಅಡ್ಡಮಳೆ. ಬರುವ ಮಳೆಗೆ ಮಧ್ಯಾಹ್ನವೇ ಬರಲು ಏನು ಧಾಡಿಯಾಗಿತ್ತೋ.

ಮಳೆ ನಿಂತ ಮೇಲೆ ಜನ ಗಾಡಿದಾರಿಯಲ್ಲಿ ಗುಂಪಾಗಿ ನಿಂತರು. ಅಳುವವರು ಅಳುತ್ತಿದ್ದರು. ಆಗ ಯಾರೋ ಶುರು ಮಾಡಿದರು, ಒಂದು ಮನೆಯಿಂದ ಮೊರ ಬರಲಿಲ್ಲ, ಅದಕ್ಕೇ ಗಾಳಿಗೆ ಸಿಟ್ಟು ಬಂತು ಎಂದು. ಒಬ್ಬ ಅಂದದ್ದನ್ನು ಹತ್ತು ಜನ ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಜನ. ಆಮೇಲೆ ಒಂದು ಗಂಡುದನಿ, ಯಾರದೆಂದು ನನಗೆ ಗೊತ್ತು, ಅವನ ಮೊಮ್ಮಕ್ಕಳು ಇದ್ದಾರೆಂದು ಹೇಳುವುದಿಲ್ಲ, ತಣ್ಣಗೆ ಹೇಳಿತು:

“ಊರು ಸುಟ್ಟ ಕೂಸು ಅದು.”

ಅಂಥ ಮಾತು ಅಂಟಿತೆಂದರೆ ತೊಳೆದರೆ ಹೋಗುವುದಲ್ಲ. ನಮ್ಮತ್ತೆ ಮೊದಲೇ ಹೆಣ್ಣೆಂದು ಮುಖ ಸಿಂಡರಿಸಿ ನೋಡಿ ಹೋಗಿದ್ದವಳು. ಈ ಹೆಸರು ಅವಳ ಕಿವಿಗೆ ಬಿದ್ದರೆ ನನ್ನನ್ನೂ ಕೂಸನ್ನೂ ಹೊಸ್ತಿಲು ತುಳಿಯಲು ಬಿಡುವವಳಲ್ಲ. ಬಿಟ್ಟರೂ, ಊರಲ್ಲಿ ಒಂದು ಕರು ಸತ್ತರೆ, ಒಂದು ಬಾವಿ ಬತ್ತಿದರೆ ಎಲ್ಲರೂ ನನ್ನ ಮಗಳ ಕಡೆ ತಿರುಗಿ ನೋಡುತ್ತಾರೆ. ಮದುವೆಯ ವಯಸ್ಸಿಗೆ ಬಂದಾಗ ಕೇಳಿಕೊಂಡು ಬರುವವರು ಯಾರು? ನಾನು ಮೊರದಲ್ಲಿದ್ದ ಅದರ ಮುಖ ನೋಡಿದೆ. ಮೂಗಿನ ಹೊಳ್ಳೆಗಳಲ್ಲಿ ಮಸಿ ಕೂತಿತ್ತು. ಸೆರಗಿನ ತುದಿ ಒದ್ದೆ ಮಾಡಿ ಅದನ್ನು ಒರೆಸಿದೆ.

ಬೆಳಗಾಗುವಷ್ಟರಲ್ಲಿ ಆರೋಪ ಬೇರೆ ರೂಪ ತಾಳಿತ್ತು. ಕಾಡು ಸುಟ್ಟಿತ್ತಲ್ಲ, ಬನವಾಸಿಯ ಫಾರೆಸ್ಟ್ ಗಾರ್ಡ್ ಊರಿಗೆ ಬರುತ್ತಿದ್ದಾನೆಂದು ಸುದ್ದಿ ಬಂತು. ಸರ್ಕಾರಿ ಕಾಡಿಗೆ ಬೆಂಕಿ ಬಿದ್ದರೆ ಹಚ್ಚಿದವರ ಮೇಲೆ ಕೇಸು. ಗೌಡರು ಬೆಳಕು ಹರಿಯುತ್ತಲೇ ನಮ್ಮ ಹಿತ್ತಿಲಿಗೆ ಬಂದು ಅಪ್ಪನನ್ನು ಕರೆದರು. ನನ್ನ ಕೋಣೆಯ ಗೋಡೆ ಅವರಿಗೆ ಬೆನ್ನು ಮಾಡಿಕೊಂಡಿತ್ತು, ಆದರೆ ಗೋಡೆಗೆ ಕಿವಿಯಿಲ್ಲದಿದ್ದರೂ ಬಾಣಂತಿಗೆ ಇರುತ್ತದೆ.

“ಅಗ್ಗಿಷ್ಟಿಗಿಯಿಂದ ಕಿಡಿ ಹಾರಿತು ಅಂತ ಹೇಳಿಬಿಡು ಶಿವಪುತ್ರಪ್ಪ,” ಎಂದರು. “ಬಾಣಂತಿ ಅಂದ್ರ ಸರ್ಕಾರ ಏನೂ ಮಾಡಂಗಿಲ್ಲ, ಬಿಟ್ಟು ಹೋಗ್ತಾರ. ನಮ್ಮನ್ನ ಬಿಡಂಗಿಲ್ಲ. ಒಂದ್ ಮಾತಿಗೆ ಊರು ಉಳೀತೈತಿ.”

ಅಪ್ಪ ಏನೆಂದನೋ ಕೇಳಿಸಲಿಲ್ಲ.

ಮೂಡಣದಿಂದ ಬೀಸುವ ಗಾಳಿಯಲ್ಲಿ ಪಡುವಣ ತುದಿಯ ಮನೆಯ ಕಿಡಿ ಹಿಂದಕ್ಕೆ ಹಾರಿ ಊರು ಸುಡುತ್ತದೆಯೇ? ಎಮ್ಮೆ ಕಾಯುವ ಹುಡುಗರಿಗೂ ಗೊತ್ತಿರುವ ಮಾತು. ಆದರೆ ಗೌಡರಿಗೆ ಬೇಕಾಗಿದ್ದದ್ದು ನಿಜವಲ್ಲ, ತಪ್ಪು ಹೊರಿಸಲು ಒಂದು ಮನೆ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆಯನ್ನು ಅವರಷ್ಟು ಚೆನ್ನಾಗಿ ಕಲಿತವರಿಲ್ಲ.

ಅದೇ ಹೊತ್ತಿಗೆ ನಮ್ಮ ಮುಂಬಾಗಿಲಲ್ಲಿ ಹೆಂಗಸರ ಸಾಲು ನೆರೆಯತೊಡಗಿತು. ಮೂರು ದಿನದಿಂದ ಊರಿನ ಒಲೆಗಳೆಲ್ಲ ಆರಿದ್ದವು. ಬೆಂಕಿ ಉಳಿಸಿದ್ದ ಕೆಂಡವನ್ನು ಮಳೆ ತೊಳೆದಿತ್ತು. ಕಡ್ಡಿಪೆಟ್ಟಿಗೆ ಮಾರುವ ಅಂಗಡಿ ಸುಟ್ಟಿತ್ತು, ಮನೆಯಲ್ಲಿದ್ದ ಪೆಟ್ಟಿಗೆಗಳು ನೆಂದು ಮೆತ್ತಗಾಗಿದ್ದವು. ಇಡೀ ಊರಿನಲ್ಲಿ ಬೆಂಕಿ ಇದ್ದದ್ದು ಒಂದೇ ಕಡೆ, ನನ್ನ ಕೋಣೆಯ ಬೂದಿಯೊಳಗೆ. ಹೆಂಗಸರು ಒಣ ಕುಳ್ಳು ಹಿಡಿದುಕೊಂಡು ಬಂದಿದ್ದರು. ಬೆಂಕಿ ಕೇಳಿದವರಿಗೆ ಇಲ್ಲವೆನ್ನುವ ರೂಢಿ ನಮ್ಮಲ್ಲಿಲ್ಲ. ನಾನಾಗಿದ್ದರೆ ರೂಢಿ ಸುಡುಗಾಡಿಗೆ ಹೋಗಲಿ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವ್ವ ಇಕ್ಕಳದಲ್ಲಿ ಒಂದೊಂದೇ ಕೆಂಡ ತಂದು ಎಲ್ಲರ ಕುಳ್ಳಿನ ಮೇಲೂ ಇಟ್ಟಳು. ಸಾಲಿನ ಕೊನೆಗೆ ಗೌಡರ ಹೆಂಡತಿ ಸಾವಿತ್ರವ್ವ ಇದ್ದಳು, ಸೆರಗು ಮುಖಕ್ಕೆ ಎಳೆದುಕೊಂಡು. ಅವಳ ಕುಳ್ಳಿಗೂ ಕೆಂಡ ಬಿತ್ತು.

ಹೆಂಗಸರು ಹೊರಡುವ ಮೊದಲೇ ಗೌಡರು ಗಾರ್ಡನ್ನು ಕರೆದುಕೊಂಡು ಬಂದರು. ಹಿಂದೆ ಊರ ಗಂಡಸರು. ಖಾಕಿ ಅಂಗಿಯ ತೆಳ್ಳಗಿನ ಮನುಷ್ಯ, ಮೈಯೆಲ್ಲ ಮಸಿ, ಮಳೆಗೂ ಪೂರ್ತಿ ಆರದ ಕಾಡಿನ ಬೆಂಕಿಯನ್ನು ರಾತ್ರಿಯಿಡೀ ಬಡಿದು ದಣಿದಿದ್ದ. ಗೌಡರು ಕೈ ನೀಡಿ ನಮ್ಮ ಮನೆ ತೋರಿಸಿದರು. ಇಲ್ಲಿಂದಲೇ ಹತ್ತಿದ್ದು, ಬಾಣಂತಿಯ ಅಗ್ಗಿಷ್ಟಿಕೆ, ಪಾಪ, ಹೆಣ್ಣುಮಕ್ಕಳು, ತಿಳಿಯದೆ ಆದದ್ದು ಎಂದರು. ಆ ‘ಪಾಪ’ ಎಂಬ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಉರಿಸಿತು.

ಗಾರ್ಡು ಅಪ್ಪನ ಕಡೆ ತಿರುಗಿ ಹೌದೇ ಎಂದು ಕೇಳಿದ. ಅಪ್ಪ ಗೌಡರನ್ನು ನೋಡಿದ, ನೆಲ ನೋಡಿದ, ಬಾಯಿ ತೆರೆದ. ಅವನು ಏನು ಹೇಳುತ್ತಿದ್ದನೋ, ಅವನು ಸಾಯುವ ತನಕ ನಾನು ಕೇಳಲಿಲ್ಲ. ಅವನಿಗಿಂತ ಮೊದಲು ಅವ್ವ ಹೆಂಗಸರ ಕಡೆ ತಿರುಗಿ ಮಾತಾಡಿದಳು. ದನಿ ಎತ್ತಲಿಲ್ಲ.

“ಗೌಡ್ರು ಅಂದದ್ದು ಕೇಳಿದ್ರೆಲ್ಲ. ಇದು ಊರು ಸುಟ್ಟ ಬೆಂಕಿ ಅಂತ. ಹೌದು ಅನ್ನೋವ್ರು ಕೆಂಡ ಇಲ್ಲೇ ಇಟ್ಟು ಹೋಗ್ರಿ. ಅಂಥಾ ಬೆಂಕಿ ನಿಮ್ಮ ಒಲಿಗೆ ಬ್ಯಾಡ.”

ಎಲ್ಲರ ಕೈಯಲ್ಲಿ ಕುಳ್ಳು ಹೊಗೆಯಾಡುತ್ತಿತ್ತು. ಆಮೇಲೆ ಒಬ್ಬಳು ಬಗ್ಗಿ ತನ್ನ ಕುಳ್ಳನ್ನು ಕಟ್ಟೆಯ ಮೇಲೆ ಇಟ್ಟಳು. ಅವಳ ಗಂಡ ಗೌಡರ ಹೊಲ ಮಾಡುತ್ತಿದ್ದ. ಅವಳನ್ನು ನೋಡಿ ಇನ್ನೊಬ್ಬಳು ಇಟ್ಟಳು. ಮೂರನೆಯವಳೂ ಬಗ್ಗುವುದನ್ನು ಗೋಣಿಯ ಸಂದಿಯಿಂದ ಕಂಡು ನನಗೆ ತಡೆಯಲಾಗಲಿಲ್ಲ.

ಬಾಣಂತಿ ಹೊಸ್ತಿಲು ದಾಟಬಾರದು. ಗಾಳಿ ಸೋಕಬಾರದು, ಪರಗಂಡಸರ ಕಣ್ಣು ಬೀಳಬಾರದು. ನಾನು ತಲೆಗೆ ಬಟ್ಟೆ ಬಿಗಿದುಕೊಂಡೆ, ಕೂಸು ಮಲಗಿದ್ದ ಮೊರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ, ಒದ್ದೆ ಗೋಣಿಯನ್ನು ಭುಜದಿಂದ ತಳ್ಳಿ ಅಂಗಳಕ್ಕೆ ಬಂದೆ. ಗಂಡಸರು ಮುಖ ಆಚೆ ತಿರುಗಿಸಿದರು. ಅವರಿಗೆ ನಾಚಿಕೆಯಾದದ್ದು ಅದಕ್ಕೆ ಮಾತ್ರ.

“ಸಾಹೇಬ್ರ,” ಎಂದೆ, “ಇಡೀ ಊರಾಗ ಉಳದಿರೋ ಮೊರ ಇದೊಂದ. ಉಳದ ಮನಿ ಮೊರ ಎಲ್ಲಿ ಹೋದುವು ಕೇಳ್ರಿ.”

ಗಾರ್ಡಿಗೆ ಮೊದಲು ಅರ್ಥವಾಗಲಿಲ್ಲ. ಇವಳಿಗೆ ಸನ್ನಿಯೋ ಏನೋ ಎಂಬಂತೆ ನೋಡಿದ. ಗೌಡರು ಅದನ್ನೇ ಹೇಳಲು ಹೊರಟರು, ಹಸಿಮೈ, ತಲೆ ಕೆಟ್ಟಿದೆ ಎಂದು. ಆದರೆ ಆತ ಕಾಡು ತಿರುಗುವ ಮನುಷ್ಯ, ಸುಟ್ಟ ಜಾಡು ಹಿಡಿದು ಮೂಡಣ ಗಡಿಯ ಗುಂಡಿಯ ತನಕ ಮೊದಲೇ ಹೋಗಿ ನೋಡಿ ಬಂದಿದ್ದ ಎಂದು ಕಾಣುತ್ತದೆ. ಹತ್ತಿರ ನಿಂತಿದ್ದ ಹೆಂಗಸಿನ ಕಡೆ ತಿರುಗಿ, ನಿಮ್ಮ ಮನೆಯ ಮೊರ ಎಲ್ಲಿದೆ ತಾಯಿ ಎಂದು ಕೇಳಿದ. ಅವಳು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ಸಾವಿತ್ರವ್ವ.

ಸಾವಿತ್ರವ್ವ ಗಂಡನನ್ನು ನೋಡಲಿಲ್ಲ. ನನ್ನ ಕೈಯಲ್ಲಿದ್ದ ಕೂಸನ್ನು ನೋಡಿದಳು. ಹಟ್ಟಿಯಲ್ಲಿ ಬೆಂದ ಎತ್ತುಗಳನ್ನು ಅವಳೇ ಕೈಯಾರೆ ಮೇಯಿಸಿ ಬೆಳೆಸಿದ್ದಳು ಎನ್ನುತ್ತಾರೆ.

“ಸುಟ್ಟಾವ್ರಿ,” ಎಂದಳು. “ನಿನ್ನೆ ಮೂಡಣ ಗಡಿಯಾಗ. ಗಾಳಿ ಕಳಸಾಕ ಅಂತ ಹಿರಿಯಾರು ಸುಟ್ರು. ಅಲ್ಲಿಂದನ ಬೆಂಕಿ ಬಂತು.” ಕುಳ್ಳಿನ ಕೆಂಡಕ್ಕೆ ಒಂದು ಸಲ ಊದಿದಳು. “ನಾ ಒಲಿ ಹಚ್ಚಬೇಕ್ರಿ, ಬರ್ತೀನಿ.”

ಗಂಡನ ಮುಂದೆಯೇ ಹಾದು, ಹೊಗೆಯಾಡುವ ಕುಳ್ಳು ಹಿಡಿದುಕೊಂಡು ಮನೆಗೆ ನಡೆದಳು. ಕಟ್ಟೆಯ ಮೇಲೆ ಇಟ್ಟಿದ್ದವರು ತಮ್ಮ ತಮ್ಮ ಕುಳ್ಳು ಎತ್ತಿಕೊಂಡು ಅವಳ ಹಿಂದೆಯೇ ಹೋದರು. ಅಂಗಳದಲ್ಲಿ ಗಂಡಸರು ಮಾತ್ರ ಉಳಿದರು. ಒಬ್ಬನಾದರೂ ಹೌದು, ನಾವು ನೋಡಿದೆವು ಎನ್ನಬಹುದಿತ್ತು. ಅನ್ನಲಿಲ್ಲ. ನನ್ನ ಸಿಟ್ಟು ಗೌಡರ ಮೇಲಿಗಿಂತ ಅವರ ಮೇಲೆ ಹೆಚ್ಚು. ಗೌಡರು ತಮ್ಮ ತಲೆ ಉಳಿಸಿಕೊಳ್ಳಲು ಸುಳ್ಳು ಹೇಳಿದರು. ಇವರು ಯಾವ ಸುಖಕ್ಕೆ ಸುಮ್ಮನಿದ್ದರು?

ಗಾರ್ಡು ಗೌಡರನ್ನೂ ಇನ್ನಿಬ್ಬರು ಹಿರಿಯರನ್ನೂ ಶಿರಸಿಗೆ ಕರೆದುಕೊಂಡು ಹೋದ. ಅಲ್ಲಿ ಏನಾಯಿತೋ ತಿಳಿಯದು, ಮರುದಿನದ ಬಸ್ಸಿಗೆ ವಾಪಸು ಬಂದರು. ದೊಡ್ಡವರಿಗೆ ಎಲ್ಲ ಕಡೆ ನೆಂಟರಿರುತ್ತಾರೆ. ಆದರೆ ನನ್ನ ಮಗಳನ್ನು ಊರು ಸುಟ್ಟ ಕೂಸು ಎಂದು ಕರೆಯುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ. ಮೊರದ ಕೂಸು ಎಂದರು. ಹಾಗೆ ಅನ್ನಲಿ, ಅದರಲ್ಲಿ ಸುಳ್ಳಿಲ್ಲ.

ತೊಟ್ಟಿಲ ದಿನ ನಮ್ಮತ್ತೆಯ ಮನೆಯವರೂ ಬಂದರು. ಕೂಸಿಗೆ ಪರಿಮಳಾ ಎಂದು ಹೆಸರು ಗೊತ್ತುಮಾಡಿದರು. ಹೊಗೆ ಕುಡಿದು ಬದುಕಿದ ಹುಡುಗಿಗೆ ಆ ಹೆಸರು ಒಪ್ಪುತ್ತದೆ ಎನಿಸಿತು. ಇನ್ನೇನು ತೊಟ್ಟಿಲಿಗೆ ಹಾಕಬೇಕು ಎನ್ನುವ ಹೊತ್ತಿಗೆ ಗೌಡರು ಬಂದರು. ಕರೆಯದೆ ಬಂದದ್ದಲ್ಲ, ಅಪ್ಪನೇ ಹೋಗಿ ಕರೆದಿದ್ದ. ಅವರ ಕೈಯಲ್ಲಿ ಶಿರಸಿ ಪೇಟೆಯಿಂದ ತಂದ ಹೊಸ ಮೊರ, ಅಂಚಿಗೆ ಅರಿಶಿನ, ಒಳಗೆ ಕುಬಸದ ಖಣ, ಕಾಯಿ. ಆದದ್ದಾಯಿತು ಎಂಬಂತೆ ಅದನ್ನು ಅವ್ವನ ಮುಂದೆ ಚಾಚಿದರು. ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಬಾಯಿಂದ ಬರಲಿಲ್ಲ. ಎಲ್ಲರೂ ಅವ್ವನನ್ನೇ ನೋಡುತ್ತಿದ್ದರು.

ಅವ್ವ ಖಣ ಮತ್ತು ಕಾಯಿ ಎತ್ತಿಕೊಂಡು ಮೊರವನ್ನು ತಿರುಗಿ ಅವರ ಕೈಗೇ ಇಟ್ಟಳು.

“ಇದು ನಿಮ್ಮ ಹಂತೇಕ ಇರಲಿ ಗೌಡ್ರ. ಬರೋ ವರ್ಷಾನೂ ಗಾಳಿ ಬರ್ತೈತಿ. ಸುಡಾಕ ಬೇಕಾಗ್ತೈತಿ.”

ಗೌಡರು ತಿರುಗಿ ಹೋಗಲಿಲ್ಲ. ಹೋದರೆ ಸೋತಂತೆ ಎಂದುಕೊಂಡರೋ ಏನೋ, ಹೊಸ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಗಳದ ಮೂಲೆಯಲ್ಲಿ ಕೂತರು. ಅವ್ವ ಪರಿಮಳಾಳನ್ನು ಹಳೆಯ ಮೊರದಿಂದ ಎತ್ತಿ ತೊಟ್ಟಿಲಿಗೆ ಹಾಕಿದಳು. ಮೊರ ಕೂಸಿನದಾಗಿದ್ದದ್ದು ಅಲ್ಲಿಗೆ ಮುಗಿಯಿತು. ಆಮೇಲೆ ಅದೇ ಮೊರಕ್ಕೆ ಜೋಳ ಸುರುವಿಕೊಂಡು ಅಂಗಳಕ್ಕಿಳಿದು ಕೇರಲು ಶುರು ಮಾಡಿದಳು. ಹಬ್ಬದ ಮನೆ, ನೆಂಟರು ತುಂಬಿದ್ದಾರೆ, ಕೇರುವ ಹೊತ್ತು ಅದಲ್ಲ. ಗಾಳಿ ಮೂಡಣದಿಂದ ಸಣ್ಣಗೆ ಬೀಸುತ್ತಿತ್ತು. ಹೊಟ್ಟೆಲ್ಲ ಹಾರಿ ಗೌಡರು ಕೂತ ಕಡೆಗೆ ಹೋಗುತ್ತಿತ್ತು, ಅವರ ರುಮಾಲಿನ ಮೇಲೆ, ಮೀಸೆಯ ಮೇಲೆ ಕೂರುತ್ತಿತ್ತು. ಅವ್ವ ಜೋಳ ಹಸನಾಗುವ ತನಕ ಕೇರಿದಳು, ನಿಂತ ದಿಕ್ಕು ಬದಲಿಸಲಿಲ್ಲ.